ಪಲಾಶಿಕೆಯಲ್ಲಿ ಒಂದು ದಿನ

ಹಳಿಯಾಳದಿಂದ ಹೊರಟು ನಂದಗಡದ ಮಾರ್ಗವಾಗಿ ಹಲಸಿಯನ್ನು ಮುಟ್ಟಿದಾಗ ಬಿಸಿಲೇರಿತ್ತು. ಖಾನಾಪುರ ತಾಲೂಕಿನ ಈ ಪುಟ್ಟ ಊರೇ ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆ. ರಾಜಧಾನಿಯೆಂದೊಡನೆ ಕೋಟೆ ಕೊತ್ತಲಗಳನ್ನು ನೆನೆಯುವ ವಾಚಕರು ನಿರಾಶರಾದಾರು. ನನಗೆ ಎದುರಾದವು ಕೋಳಿಗಳು, ಹುಲ್ಲಿನ ಬಣವೆಗಳು.

ಭೂವರಾಹ ನರಸಿಂಹ ದೇಗುಲದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಅಲ್ಲಿಯ 1169ರ ಶಾಸನ ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯದು, ಬಲು ಈಚಿನದು! ನನ್ನ ಮನಸ್ಸಿದ್ದುದು ಅದಕ್ಕೂ ಏಳು ಶತಮಾನ ಹಿಂದೆ.

ಮೃಗೇಶವರ್ಮನು ತಂದೆ ಶಾಂತಿವರ್ಮನ ನೆನಪಿಗೆ ಇಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಬಿಟ್ಟನು. ವೈದಿಕ ಕುಲದ ಅರಸನ ಈ ಔದಾರ್ಯ ಒತ್ತಟ್ಟಿಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಭೂಮಿಯ ಮೇರೆ: ಮಾತೃಸರಿತ್ತಿನಿಂದ ಇಂಗಿಣೀ ಸಂಗಮದವರೆಗೆ. ಅರಮನೆ ಎಲ್ಲಿತ್ತೆಂದು ತೋರಿಸುವವರಿಲ್ಲ, ಹೊಲದ ಮೇರೆ ಮಾತ್ರ ತಾಮ್ರಪಟದಲ್ಲಿ ಉಳಿದಿದೆ.

ಊರ ಹೊರಗೆ ಗದ್ದೆಯಲ್ಲಿದ್ದ ಮುದುಕರೊಬ್ಬರನ್ನು, “ಅಜ್ಜಾ, ಇಂಗಿಣಿ ಅನ್ನೂ ಹಳ್ಳ ಎಲ್ಲೈತ್ರಿ?” ಎಂದು ಕೇಳಿದೆ.

“ಹಳ್ಳಕ್ಕ ಎಂಥಾ ಹೆಸರ್ರೀ? ಮಳಿಗಾಲದಾಗ ಬರ್ರಿ, ಅದ ಹೇಳತೈತಿ,” ಎಂದರು.

ಸಂಜೆಯ ಬಸ್ಸು ತಪ್ಪುವವರೆಗೂ ಆ ಗದ್ದೆಗಳ ಬದುವಿನ ಮೇಲೆಯೇ ಅಡ್ಡಾಡಿದೆ.