ಟ್ರಯಥ್ಲಾನ್: ಬೇಸಿಗೆಯ ಪೂರ್ವಾಭ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

ಒಲಿಂಪಿಕ್ ಟ್ರಯಥ್ಲಾನ್ ಸ್ಪರ್ಧೆಯು 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಸವಾರಿ ಹಾಗೂ 10 ಕಿ.ಮೀ. ಓಟವನ್ನು ಒಳಗೊಂಡಿರುತ್ತದೆ. ಟೋಕಿಯೊ ಒಲಿಂಪಿಕ್ಸ್‌ಗೆ ಪೂರ್ವಭಾವಿಯಾಗಿ 2019ರ ಆಗಸ್ಟ್ 15ರಂದು ಒಡೈಬಾದಲ್ಲಿ ನಡೆದ ಮಹಿಳೆಯರ ಸ್ಪರ್ಧೆಯಲ್ಲಿ, ತೀವ್ರ ತಾಪದ ಕಾರಣ ಓಟವನ್ನು 5 ಕಿ.ಮೀ.ಗೆ ಕಡಿತಗೊಳಿಸಲಾಯಿತು. ಅನುಭವಿ ಸ್ಪರ್ಧಿಗಳಿಗೇ ಇಂತಹ ರಕ್ಷಣೆ ಅಗತ್ಯವಾಯಿತೆಂಬುದನ್ನು ಅಭ್ಯಾಸನಿರತರು ಮರೆಯಬಾರದು.

ಓಟದ ಹಂತವೇ ಹೆಚ್ಚು ಅಪಾಯಕರ. ಸೈಕಲ್ ಸವಾರಿಯಲ್ಲಿ ಎದುರುಗಾಳಿಯು ಬೆವರನ್ನು ಆರಿಸಿ ದೇಹವನ್ನು ತಣಿಸುತ್ತದೆ. ಓಟದಲ್ಲಿ ಆ ಗಾಳಿ ಕುಗ್ಗುವುದರಿಂದ ಸ್ನಾಯುಗಳ ಶಾಖವು ದೇಹದಲ್ಲಿಯೇ ಸಂಗ್ರಹವಾಗುತ್ತದೆ. ಆದುದರಿಂದ ಸೈಕಲ್ಲಿನಿಂದ ಇಳಿದ ಕೂಡಲೇ ಹಿತವೆನಿಸುವ ವೇಗವನ್ನು ನಂಬತಕ್ಕದ್ದಲ್ಲ.

ದೇಹವು ತಾಪಕ್ಕೆ ಒಗ್ಗಿಕೊಳ್ಳಲು ಸಾಮಾನ್ಯವಾಗಿ 10ರಿಂದ 14 ದಿನಗಳು ಬೇಕಾಗುತ್ತವೆ. ಒಂದೇ ದಿನದ ಕಠಿಣ ಅಭ್ಯಾಸವು ಇದಕ್ಕೆ ಪರ್ಯಾಯವಲ್ಲ. ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿಕೊಂಡಲ್ಲಿ ದೇಹವು ಕಳೆದುಕೊಂಡ ನೀರಿನ ಅಂದಾಜು ದೊರೆಯುತ್ತದೆ. ತೂಕ ಹೆಚ್ಚಿದ್ದಲ್ಲಿ ನೀರನ್ನು ಅತಿಯಾಗಿ ಕುಡಿಯಲಾಗಿದೆ ಎಂದರ್ಥ. ಇದರಿಂದ ರಕ್ತದಲ್ಲಿನ ಸೋಡಿಯಂ ಪ್ರಮಾಣ ಕುಸಿಯಬಹುದು. ಈ ಅಪಾಯವು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಓಟಗಾರರು ತೂರಾಡಿದರೆ ಅಥವಾ ಅಸಂಬದ್ಧವಾಗಿ ಮಾತನಾಡಿದರೆ ಶಾಖಾಘಾತವೆಂದು ಶಂಕಿಸಿ ಆಂಬ್ಯುಲೆನ್ಸ್ ಕರೆಸತಕ್ಕದ್ದು. ಅದು ಬರುವವರೆಗೆ, ತಲೆಯನ್ನು ಮೇಲೆ ಹಿಡಿದು, ದೇಹವನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿಡಬೇಕು. ತೊಟ್ಟಿ ಇಲ್ಲದಿದ್ದಲ್ಲಿ ನೆರಳಿನಲ್ಲಿ ಮಲಗಿಸಿ, ಮೈಮೇಲೆ ನಿರಂತರವಾಗಿ ತಣ್ಣೀರು ಸುರಿದು ಗಾಳಿ ಬೀಸಬೇಕು.