ಅಂಡೋತ್ಪತ್ತಿಯ ದಿನಗಳು, ಬಯಕೆ ಮತ್ತು ಮೈ: ಒಂದು ಟಿಪ್ಪಣಿ

ಹಸು ಬೆದೆಗೆ ಬಂದರೆ ಕೊಟ್ಟಿಗೆಗೆಲ್ಲ ಗೊತ್ತಾಗುತ್ತದೆ. ಮೇವನ್ನು ಮೂಸಿ ಬಿಡುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತದೆ, ಹಿಂದಿನಿಂದ ಗಾಜಿನ ಎಳೆಯಂಥ ತಿಳಿಲೋಳೆ ಕಡಿಯದೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಇದು ಮೊದಲು ಕಾಣುತ್ತಿದ್ದದ್ದು ಅಜ್ಜಿಯ ಕಣ್ಣಿಗೆ. ಸಗಣಿ ಬಾಚುತ್ತಲೇ ಆ ಎಳೆಯನ್ನು ನೋಡಿ, ‘ಡಾಕ್ಟರಿಗೆ ಹೇಳಿಕಳಿಸು’ ಎನ್ನುತ್ತಿದ್ದರು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸುವುದು ಹೈನುಗಾರರ ಲೆಕ್ಕ. ಎಮ್ಮೆಯಲ್ಲಿ ಲಕ್ಷಣಗಳು ಇಷ್ಟು ಎದ್ದು ಕಾಣುವುದಿಲ್ಲ. ಅದಕ್ಕೆ ಮೂಕ ಬೆದೆ ಎಂಬ ಮಾತೇ ಇದೆ.

ಅದೇ ಬಗೆಯ ಲೋಳೆ ತಿಂಗಳ ನಡುವೆ ತಮ್ಮಲ್ಲೂ ಬರುತ್ತದೆ, ಅದಕ್ಕೂ ಅದೇ ಕಾರಣ ಎಂಬುದನ್ನು ಆ ಮನೆಯ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಅವರು ಅದನ್ನೂ ‘ಬಿಳಿ ಸೆರಗು’ ಎಂದೇ ಎಣಿಸಿ, ಕಾಯಿಲೆಯೆಂದು ಹೆದರಿ, ಯಾರಿಗೂ ಹೇಳದೆ ಇರುತ್ತಿದ್ದರು. ಈ ಟಿಪ್ಪಣಿಗೆ ನನ್ನನ್ನು ಹಚ್ಚಿದ್ದು ಆ ನೆನಪು.

ಬೆದೆ ಎಂಬ ಪದವನ್ನು ಹೆಣ್ಣಿಗೆ ಬಳಸಿದರೆ ಕನ್ನಡದಲ್ಲಿ ಅದು ಬೈಗುಳ. ವಿಜ್ಞಾನದ ದೃಷ್ಟಿಯಿಂದಲೂ ಆ ಪದ ಹೊಂದುವುದಿಲ್ಲ. ಬೆದೆಯಲ್ಲಿಲ್ಲದ ಹಸು ಹೋರಿಯನ್ನು ಹತ್ತಿರ ಸೇರಿಸುವುದಿಲ್ಲ; ಹೆಣ್ಣಿನ ಬಯಕೆಗೆ ಅಂಥ ಗಡಿಯಿಲ್ಲ, ಮುಟ್ಟಿನ ದಿನದಲ್ಲೂ ಬಸಿರಿನಲ್ಲೂ ಅದು ಹುಟ್ಟಬಹುದು. ಹಾಗಿದ್ದರೂ ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಬಯಕೆ ಸ್ವಲ್ಪವಾದರೂ ಏರುತ್ತದೆಯೇ? ಗಂಡಸರ ಬಗೆಗಿನ ಅಭಿರುಚಿ ಬದಲಾಗುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದರಿಂದಲೇ ಈ ವಿಷಯದಲ್ಲಿ ಗೊಂದಲ ಬೆಳೆದಿದೆ. ಎರಡಕ್ಕೂ ಸಿಕ್ಕಿರುವ ಉತ್ತರ ಬೇರೆ ಬೇರೆ.

ಮೊದಲು ಮೈಯೊಳಗಿನ ಸಂಗತಿ. ಅಂಡಾಶಯದಲ್ಲಿ ಅಂಡಾಣುವಿರುವ ಒಂದು ಕೋಶಿಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಬೆಳೆಯುತ್ತ ಈಸ್ಟ್ರೋಜೆನ್ ಸುರಿಸುತ್ತದೆ. ಆ ಮಟ್ಟ ಒಂದು ಹಂತ ದಾಟಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಉಕ್ಕುತ್ತದೆ. ಅದಾದ ಸುಮಾರು ಒಂದೂವರೆ ದಿನಕ್ಕೆ ಕೋಶಿಕೆ ಬಿರಿಯುತ್ತದೆ; ಇದೇ ಅಂಡೋತ್ಪತ್ತಿ. ಬೆಲ್ಜಿಯಂನ ವೈದ್ಯ ಜಾಕ್ ಡೊನ್ನೆ 45 ವರ್ಷದ ಮಹಿಳೆಯೊಬ್ಬರ ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿದ್ದಾಗ ಈ ಗಳಿಗೆ ಆಕಸ್ಮಿಕವಾಗಿ ಕ್ಯಾಮೆರಾಕ್ಕೆ ಸಿಕ್ಕಿತು. 2008ರಲ್ಲಿ ಆ ಚಿತ್ರಗಳು ಪ್ರಕಟವಾದವು. ಕೋಶಿಕೆ ಪಟ್ಟನೆ ಒಡೆಯುತ್ತದೆಂದು ಅನೇಕರು ತಿಳಿದಿದ್ದರು. ಕಂಡದ್ದು ಬೇರೆ: ಕೋಶಿಕೆಯ ಮೈಮೇಲೆ ಕೆಂಪಾದ ಚಿಕ್ಕ ಉಬ್ಬು, ಅದರಲ್ಲೊಂದು ತೂತು, ಅಲ್ಲಿಂದ ಹಳದಿ ಛಾಯೆಯ ಲೋಳೆ ಮುದ್ದೆಯೊಳಗೆ ಮೆಲ್ಲನೆ ಹೊರಬಂದ ಅಂಡಾಣು. ಹಿಡಿದ ಹೊತ್ತು ಸುಮಾರು 15 ನಿಮಿಷ.

ಹೊರಬಂದ ಅಂಡಾಣು ಹೆಚ್ಚೆಂದರೆ ಒಂದು ದಿನ ಬಾಳುತ್ತದೆ. ವೀರ್ಯಾಣು ಅನುಕೂಲಕರ ಲೋಳೆಯಲ್ಲಿ ಐದು ದಿನ ಉಳಿಯಬಲ್ಲದು. ಹೀಗಾಗಿ ಬಸಿರು ನಿಲ್ಲಬಹುದಾದ ದಿನಗಳು ಆರು: ಅಂಡೋತ್ಪತ್ತಿಯ ದಿನ ಮತ್ತು ಅದರ ಹಿಂದಿನ ಐದು ದಿನ. ಇದನ್ನು ಖಚಿತವಾಗಿ ತೋರಿಸಿದ್ದು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರ ಮೂತ್ರವನ್ನು ದಿನಾ ಪರೀಕ್ಷಿಸಿ ನಡೆಸಿದ ಅಧ್ಯಯನ, 1995ರಲ್ಲಿ. ಈಸ್ಟ್ರೋಜೆನ್ ಏರಿದ ಆ ದಿನಗಳಲ್ಲಿ ಗರ್ಭಕಂಠದ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ದಾರದಂತೆ ಹಿಗ್ಗುತ್ತದೆ. ಗಾಜಿನ ಪಟ್ಟಿಯ ಮೇಲೆ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿನ ಉಪ್ಪು ಜರಿಗಿಡದ ಎಲೆಯ ಹಾಗೆ ಹರಳುಗಟ್ಟಿರುತ್ತದೆ. ಕೆಲವರಿಗೆ ಕಿಬ್ಬೊಟ್ಟೆಯ ಒಂದು ಬದಿ ಹಿಡಿದಂತಾಗುತ್ತದೆ. ಅಂಡೋತ್ಪತ್ತಿಯ ನಂತರ ಪ್ರೊಜೆಸ್ಟರಾನ್ ಏರಿ ಮೈಬಿಸಿ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ. ಅಂದರೆ ಉಷ್ಣಮಾಪಕ ಹೇಳುವುದು ಆಗಿಹೋದ ಸುದ್ದಿಯನ್ನು; ಮುಂಚಿತವಾಗಿ ತಿಳಿಸುವುದು ಲೋಳೆ.

ಅಂಡೋತ್ಪತ್ತಿ ಹದಿನಾಲ್ಕನೆಯ ದಿನ ನಡೆಯುತ್ತದೆ ಎಂಬುದು ಶಾಲೆಯ ಪಾಠದಿಂದ ಮೊಬೈಲ್ ಆ್ಯಪಿನ ತನಕ ಹಬ್ಬಿರುವ ನಂಬಿಕೆ. 2019ರಲ್ಲಿ ಪ್ರಕಟವಾದ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳ ವಿಶ್ಲೇಷಣೆಯಲ್ಲಿ ಚಕ್ರದ ಸರಾಸರಿ ಉದ್ದ 29.3 ದಿನ, ಅಂಡೋತ್ಪತ್ತಿಗೆ ಮುಂಚಿನ ಭಾಗವೇ ಸರಾಸರಿ 16.9 ದಿನ. ಸರಿಯಾಗಿ 28 ದಿನದ ಚಕ್ರಗಳು ನೂರಕ್ಕೆ ಹದಿಮೂರು ಮಾತ್ರ. ಈ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಫಲವತ್ತಾದ ಕಾಲದ ಬಗೆಗಿನ ಹಳೆಯ ನಂಬಿಕೆಗಳ ಕುರಿತು ಇಲ್ಲೊಂದು ಮಾತು. ಮನುಸ್ಮೃತಿ ಋತುಕಾಲವನ್ನು ಹದಿನಾರು ರಾತ್ರಿಗಳೆಂದು ಹೇಳಿ ಮೊದಲ ನಾಲ್ಕನ್ನೂ ಹನ್ನೊಂದನೆಯ, ಹದಿಮೂರನೆಯ ರಾತ್ರಿಗಳನ್ನೂ ಬಿಡಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ನಾಯಿಯ ಬೆದೆಯ ರಕ್ತಕ್ಕೆ ಹೋಲಿಸಿ ಮುಟ್ಟಿನ ಆಸುಪಾಸೇ ಫಲವತ್ತಾದ ಕಾಲ ಎಂದು ನಂಬಿದ್ದರು. ಜಪಾನಿನ ಓಗಿನೊ 1924ರಲ್ಲಿ, ಆಸ್ಟ್ರಿಯಾದ ಕ್ನಾಸ್ 1928ರಲ್ಲಿ ಆ ತಪ್ಪನ್ನು ತಿದ್ದಿದರು. ಹಾಗೆಂದು ನಮ್ಮ ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎನ್ನಲಾಗದು. ಹತ್ತು ರಾತ್ರಿಗಳ ಬಲೆ ಬೀಸಿದರೆ ಆರು ದಿನ ಸಿಕ್ಕುವುದು ಸಹಜ. ಸಮರಾತ್ರಿಗೆ ಗಂಡು, ಬೆಸರಾತ್ರಿಗೆ ಹೆಣ್ಣು ಎಂಬ ಅದೇ ಗ್ರಂಥದ ಮಾತಿಗೆ ಯಾವ ಆಧಾರವೂ ಇಲ್ಲ; ಆ ನಂಬಿಕೆಯಿಂದ ಹೆಣ್ಣುಮಕ್ಕಳು ಪಟ್ಟ ಪಾಡು ಸಣ್ಣದಲ್ಲ.

ಈಗ ಬಯಕೆ. ಕೂಡುವಿಕೆಯ ಸಂಖ್ಯೆಯನ್ನು ಎಣಿಸುವುದು ಸುಲಭ, ಬಯಕೆಯನ್ನು ಎಣಿಸುವುದು ಕಷ್ಟ. ಕೂಡುವುದು ಇಬ್ಬರ ತೀರ್ಮಾನ. ಅದರಲ್ಲಿ ಗಂಡನ ಪಾಳಿ, ಮಗುವಿನ ಜ್ವರ, ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತೆ ಎಲ್ಲರ ಪಾಲೂ ಇರುತ್ತದೆ. 1978ರಲ್ಲಿ ಆ್ಯಡಮ್ಸ್, ಗೋಲ್ಡ್ ಮತ್ತು ಬರ್ಟ್ ಎಂಬ ಸಂಶೋಧಕರು ಒಂದು ಸರಳ ಕೆಲಸ ಮಾಡಿದರು: ಯಾರು ಮೊದಲು ಕೈಚಾಚಿದರು ಎಂದು ಬೇರೆ ಮಾಡಿ ಕೇಳಿದರು. ಹೆಂಡತಿ ತಾನಾಗಿ ಮುಂದಾದ ಸಂದರ್ಭಗಳು ಅಂಡೋತ್ಪತ್ತಿಯ ಸುತ್ತ ಏರಿದ್ದವು. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದವರಲ್ಲಿ ಆ ಏರಿಕೆ ಇರಲಿಲ್ಲ. ಯಾರು ಮೊದಲು ಎಂಬುದೇ ನನಗೆ ಈ ಕ್ಷೇತ್ರದ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಎನಿಸುತ್ತದೆ.

ವಿಲ್ಕಾಕ್ಸ್ ತಂಡ 2004ರಲ್ಲಿ ಗರ್ಭಕೋಶದೊಳಗೆ ವಂಕಿ ಹಾಕಿಸಿಕೊಂಡಿದ್ದ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದ 68 ಮಹಿಳೆಯರ ದಿನಚರಿಯನ್ನು ನೋಡಿತು. ಅವರಿಗೆ ಬಸಿರಿನ ಭಯವೂ ಇಲ್ಲ, ನಿರೀಕ್ಷೆಯೂ ಇಲ್ಲ. ಹಾರ್ಮೋನಿನ ಏರಿಳಿತ ಮಾತ್ರ ಸಹಜವಾಗಿದೆ. ಫಲವತ್ತಾದ ಆರು ದಿನಗಳಲ್ಲಿ ಕೂಡುವಿಕೆ ಉಳಿದ ದಿನಗಳಿಗಿಂತ (ಮುಟ್ಟಿನ ದಿನ ಬಿಟ್ಟು) ಶೇಕಡ 24ರಷ್ಟು ಹೆಚ್ಚಿತ್ತು. ಬೇರೆ ದಿನಗಳಲ್ಲಿ ನಾಲ್ಕು ಸಲವಾದರೆ ಈ ದಿನಗಳಲ್ಲಿ ಐದು ಸಲ ಎಂಬಷ್ಟು. ಆದರೆ ಮರುವರ್ಷವೇ ಬ್ರೂಯಿಸ್ ಮತ್ತು ಮೇಯರ್ 13 ದೇಶಗಳ ಸುಮಾರು 20,000 ಮಹಿಳೆಯರ ಸಮೀಕ್ಷೆಯಲ್ಲಿ ಇಂಥ ಏರಿಕೆಯೇ ಕಾಣುವುದಿಲ್ಲ ಎಂದರು. ಅಲ್ಲಿ ಮೂತ್ರ ಪರೀಕ್ಷೆಯಿಲ್ಲ, ಮುಟ್ಟಿನ ದಿನದಿಂದ ಎಣಿಸಿದ ಲೆಕ್ಕ. ಹದಿನಾಲ್ಕನೆಯ ದಿನದ ನೆಚ್ಚಿಕೆ ಎಷ್ಟೆಂದು ಮೇಲೆ ನೋಡಿದೆವು. ಚಿಕ್ಕ ಅಲೆಯನ್ನು ದಪ್ಪ ಜರಡಿ ಹಿಡಿಯಲಾರದು.

ದಿನದಿನದ ಹಾರ್ಮೋನು ಅಳೆದವರ ಫಲಿತಾಂಶ ಹೆಚ್ಚು ತಿಳಿಯಾಗಿದೆ. ಕ್ಯಾಲಿಫೋರ್ನಿಯಾದ ರೋನಿ ಮತ್ತು ಸಿಮನ್ಸ್ 2013ರಲ್ಲಿ ಜೊಲ್ಲಿನ ಮಾದರಿಗಳಿಂದ ಕಂಡದ್ದು: ಈಸ್ಟ್ರೋಜೆನ್ ಏರಿದ ಒಂದೆರಡು ದಿನಕ್ಕೆ ಬಯಕೆ ಏರುತ್ತದೆ, ಪ್ರೊಜೆಸ್ಟರಾನ್ ಏರಿದಾಗ ಇಳಿಯುತ್ತದೆ. ಹೆಣ್ಣಿನ ಬಯಕೆಗೆ ಟೆಸ್ಟೊಸ್ಟೆರಾನೇ ಕಾರಣ ಎಂಬ ಜನಪ್ರಿಯ ಮಾತಿಗೆ ದಿನದಿನದ ಏರಿಳಿತದಲ್ಲಿ ಬೆಂಬಲ ಸಿಗಲಿಲ್ಲ. ಅವರೇ ಮುಂದೆ ಇನ್ನೊಂದನ್ನು ತೋರಿಸಿದರು. ಬಯಕೆ ಏರಿದ ಆ ದಿನಗಳಲ್ಲಿ ಊಟ ತುಸು ಕಡಿಮೆಯಾಗುತ್ತದೆ. ಅಜ್ಜಿಯ ಹಸು ಮೇವು ಬಿಡುತ್ತಿದ್ದದ್ದು ನೆನಪಾಗುತ್ತದೆ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ರುಬೆನ್ ಆರ್ಸ್ಲಾನ್ ಮತ್ತಿತರರು ಸಾವಿರಕ್ಕೂ ಮಿಕ್ಕಿದ ಮಹಿಳೆಯರ 26,000 ದಿನಚರಿ ನಮೂದುಗಳಲ್ಲಿ ಇದೇ ಏರಿಕೆಯನ್ನು ಕಂಡರು. ಮಾತ್ರೆ ನುಂಗುವವರಲ್ಲಿ ಅದು ಹಾಗೆ ಕಾಣಲಿಲ್ಲ. ಬಯಕೆಯ ಏರಿಕೆ ನಿಜ, ಆದರೆ ಚಿಕ್ಕದು ಎಂಬುದು ನನ್ನ ತೀರ್ಮಾನ.

ಅಭಿರುಚಿ ಬದಲಾಗುತ್ತದೆ ಎಂಬ ಮಾತಿನ ಕತೆ ಬೇರೆ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪೆಂಟನ್-ವೋಕ್ ಮತ್ತು ಸಂಗಡಿಗರು, ಫಲವತ್ತಾದ ದಿನಗಳಲ್ಲಿ ಹೆಂಗಸರಿಗೆ ಹೆಚ್ಚು ಗಂಡುಛಾಯೆಯ ಮುಖ ಇಷ್ಟವಾಗುತ್ತದೆ ಎಂದು ಬರೆದರು. ಒಳ್ಳೆಯ ವಂಶವಾಹಿಗೆ ಒಬ್ಬ, ಸಂಸಾರಕ್ಕೆ ಇನ್ನೊಬ್ಬ ಎಂಬ ಸಿದ್ಧಾಂತ ಅದರ ಮೇಲೆ ಬೆಳೆಯಿತು, ಪತ್ರಿಕೆಗಳು ಹೆಣ್ಣಿನ ನಿಷ್ಠೆಯ ಮೇಲೆ ಷರಾ ಬರೆದವು. 2014ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿದ ಎರಡು ಪರಾಮರ್ಶೆಗಳು ಒಂದಕ್ಕೊಂದು ತದ್ವಿರುದ್ಧವಾಗಿ ಹೊರಬಂದವು. 2018ರಲ್ಲಿ ಗ್ಲಾಸ್ಗೋದ ಬೆನೆಡಿಕ್ಟ್ ಜೋನ್ಸ್ ತಂಡ 584 ಮಹಿಳೆಯರ ಹಾರ್ಮೋನನ್ನೇ ಅಳೆದು ನೋಡಿತು. ಮುಖದ ಅಭಿರುಚಿ ಹಾರ್ಮೋನಿನೊಂದಿಗೆ ಬದಲಾಗುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಗಂಡಸಿನ ಮೈಕಟ್ಟಿನ ವಿಷಯದಲ್ಲಿ ಜೂಲಿಯಾ ಯೂಂಗರ್ ತಂಡಕ್ಕೂ ಅದೇ ಅನುಭವ. ಫಲವತ್ತಾದ ದಿನಗಳಲ್ಲಿ ಎಲ್ಲ ಬಗೆಯ ಮೈಕಟ್ಟೂ ತುಸು ಹೆಚ್ಚು ಚೆಂದ ಕಂಡಿತು, ಆಯ್ಕೆ ಬದಲಾಗಲಿಲ್ಲ.

ಹಳೆಯ ಅಧ್ಯಯನಗಳು ಎಡವಿದ್ದು ಎಣಿಕೆಯಲ್ಲಿ. ಕಡಿಮೆ ಜನ, ನೆನಪಿನಿಂದ ಹೇಳಿದ ಮುಟ್ಟಿನ ದಿನಾಂಕ, ‘ಫಲವತ್ತಾದ ದಿನಗಳು’ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಗಡಿ. ಆರಂಭದಿಂದ ಈ ಸಿದ್ಧಾಂತ ಕಟ್ಟಿದವರಲ್ಲಿ ಪ್ರಮುಖರಾದ ಸ್ಟೀವನ್ ಗ್ಯಾಂಗ್‌ಸ್ಟಾಡ್ ಅವರೇ 2016ರಲ್ಲಿ ಸಂಗಡಿಗರೊಂದಿಗೆ ಈ ಎಣಿಕೆಯ ವಿಧಾನ ಎಷ್ಟು ದುರ್ಬಲ ಎಂದು ಲೆಕ್ಕಹಾಕಿ ಪ್ರಕಟಿಸಿದರು. ಅದು ವಿದ್ವಾಂಸರಿಗೆ ಒಪ್ಪುವ ನಡತೆ.

ಆ ದಿನಗಳಲ್ಲಿ ಹೆಣ್ಣು ಬೇರೆಯವರ ಕಣ್ಣಿಗೆ ಹೆಚ್ಚು ಚೆಲುವಾಗಿ ಕಾಣುತ್ತಾಳೆ ಎಂಬ ವಾದಕ್ಕೆ ಎಲ್ಲರೂ ಉದಾಹರಿಸುವುದು 2007ರ ಅಮೆರಿಕದ ಕ್ಲಬ್ ನೃತ್ಯಗಾತಿಯರ ಅಧ್ಯಯನವನ್ನು. ಐದು ಗಂಟೆಯ ಪಾಳಿಗೆ ಫಲವತ್ತಾದ ದಿನಗಳಲ್ಲಿ ಸುಮಾರು 335 ಡಾಲರ್, ಮುಟ್ಟಿನ ದಿನಗಳಲ್ಲಿ 185 ಡಾಲರ್ ಗಳಿಕೆ. ಅದರಲ್ಲಿದ್ದವರು 18 ಮಂದಿ. ಗಿರಾಕಿಗಳಿಗೆ ಏನೋ ಕಂಡಿತೋ, ನರ್ತಕಿಯ ಹುರುಪೇ ಬೇರೆಯಾಗಿತ್ತೋ, ಮುಟ್ಟಿನ ನೋವು ಗಳಿಕೆಯನ್ನು ತಗ್ಗಿಸಿತೋ ಅದರಿಂದ ತಿಳಿಯದು. 2015ರಲ್ಲಿ ರಾಬರ್ಟ್ ಬರಿಸ್ ಮತ್ತಿತರರು ಮುಖದ ಬಣ್ಣವನ್ನು ಕ್ಯಾಮೆರಾದಲ್ಲಿ ದಿನಾ ಅಳೆದರು. ಚರ್ಮದ ಕೆಂಪು ಬದಲಾಗುವುದು ನಿಜ, ಆದರೆ ಅದು ಮನುಷ್ಯನ ಕಣ್ಣು ಹಿಡಿಯುವಷ್ಟು ದೊಡ್ಡದಲ್ಲ.

ಓದುವ ಹೆಣ್ಣುಮಕ್ಕಳಲ್ಲಿ, ಅವರ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ತಿಂಗಳ ನಡುವೆ ಕೆಲವು ದಿನ ಬರುವ ತಿಳಿಯಾದ, ವಾಸನೆಯಿಲ್ಲದ, ಎಳೆದರೆ ಹಿಗ್ಗುವ ಸ್ರಾವ ಕಾಯಿಲೆಯಲ್ಲ, ಅದಕ್ಕೆ ಔಷಧಿ ಬೇಡ. ತುರಿಕೆ, ದುರ್ವಾಸನೆ, ಉರಿ ಅಥವಾ ಹಳದಿ, ಹಸಿರು ಬಣ್ಣ ಇದ್ದರೆ ನಾಚದೆ ವೈದ್ಯರ ಬಳಿ ಹೋಗಿ. ಎರಡರ ವ್ಯತ್ಯಾಸವನ್ನು ಮನೆಯ ಹುಡುಗಿಯರಿಗೆ ಮೊದಲ ಮುಟ್ಟಿನ ಹೊತ್ತಿಗೇ ಹೇಳಿಕೊಡಿ.