ಒಬ್ಬ ದೊರೆ ಹೊರಗಟ್ಟಿದ, ಇನ್ನೊಬ್ಬ ದೊರೆ ಭೂಮಿ ಕೊಟ್ಟ

1609ರ ಸೆಪ್ಟೆಂಬರ್ 22ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಒಂದು ರಾಜಾಜ್ಞೆಯನ್ನು ಸಾರಲಾಯಿತು. ಮೊರಿಸ್ಕೋಗಳೆಲ್ಲ ಮೂರು ದಿನಗಳೊಳಗೆ ಬಂದರಿನ ಕಡೆಗೆ ಹೊರಡಬೇಕು. ಮೈಮೇಲೆ ಹೊರಲು ಸಾಧ್ಯವಾದಷ್ಟನ್ನೇ ಒಯ್ಯಬೇಕು.

ಮೊರಿಸ್ಕೋ ಎಂದರೆ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಲ್ಪಟ್ಟ ಮುಸ್ಲಿಮರು ಮತ್ತು ಅವರ ಸಂತತಿ. 1492ರಲ್ಲಿ ಗ್ರನಾಡಾ ಶರಣಾದಾಗ ಅಲ್ಲಿನ ಮುಸ್ಲಿಮರ ಧರ್ಮಕ್ಕೂ ಮಸೀದಿಗಳಿಗೂ ರಕ್ಷಣೆ ನೀಡುವ ಒಪ್ಪಂದವಾಗಿತ್ತು. ಹತ್ತು ವರ್ಷ ತುಂಬುವುದರೊಳಗೆ ಅದು ಮುರಿದುಬಿತ್ತು. ಮೂರನೇ ಫಿಲಿಪ್ ದೊರೆಯ ಕಾಲದಲ್ಲಿ, 1614ರ ವೇಳೆಗೆ, ಸುಮಾರು 3 ಲಕ್ಷ ಜನರನ್ನು ದೇಶದಿಂದಲೇ ಹೊರಹಾಕಲಾಯಿತು.

ನಷ್ಟ ಹೋದವರಿಗೆ ಮಾತ್ರ ಆಗಲಿಲ್ಲ. ವೆಲೆನ್ಸಿಯಾ ತನ್ನ ಜನರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕಳೆದುಕೊಂಡಿತು. ಹಳ್ಳಿಗಳು ಬರಿದಾದವು, ನೀರಾವರಿ ಹೊಲಗಳು ಪಾಳುಬಿದ್ದವು, ಭೂಮಾಲೀಕರಿಗೆ ಬರುತ್ತಿದ್ದ ಗೇಣಿ ನಿಂತಿತು.

ಸಮುದ್ರ ದಾಟಿದವರಿಗೆಲ್ಲ ಸ್ವಾಗತ ಸಿಕ್ಕಿತೆಂದು ಹೇಳಲಾಗದು. ಓರಾನ್ ಸುತ್ತಮುತ್ತ ಇಳಿದ ಅನೇಕರನ್ನು ಅಲ್ಲಿನ ಬುಡಕಟ್ಟುಗಳವರು ದೋಚಿದರು, ಕೊಂದರು. ದೋಚಿದವರೂ ಮುಸ್ಲಿಮರೇ ಎಂಬುದು ಮರೆಯಬಾರದ ಕಹಿ ಸತ್ಯ.

ಆದರೆ ಟ್ಯುನಿಸ್‌ನ ಆಡಳಿತಗಾರ ಉಸ್ಮಾನ್ ದೇ ಅವರಿಗೆ ಬಾಗಿಲು ತೆರೆದ. ನೆಲೆಸಲು ಭೂಮಿ ಕೊಟ್ಟ, ಆರಂಭದ ವರ್ಷಗಳ ತೆರಿಗೆ ಮನ್ನಾ ಮಾಡಿದ. ಬಂದವರು ಆ ಉಪಕಾರವನ್ನು ದುಡಿಮೆಯಿಂದ ತೀರಿಸಿದರು. ಮೆಜೆರ್ದಾ ನದಿಯ ದಂಡೆಯಲ್ಲಿ ತೆಸ್ತೂರ್ ಪಟ್ಟಣ ಕಟ್ಟಿದರು. ಅದರ ಜಾಮಿಯಾ ಮಸೀದಿಯ ಮಿನಾರದಲ್ಲಿ ಇಂದಿಗೂ ಸ್ಪೇನಿನ ಕಟ್ಟಡ ಶೈಲಿ ಕಾಣುತ್ತದೆ. ಅವರು ಬೆಳೆಸಿದ ಕೆಂಪು ಉಣ್ಣೆಯ ಶಾಶಿಯಾ ಟೊಪ್ಪಿಯ ಕಸುಬು ಟ್ಯುನಿಸ್‌ಗೆ ಹೆಸರು ತಂದಿತು.

1492ರಲ್ಲಿ ಹೊರದಬ್ಬಿದ ಯಹೂದಿಗಳ ವಂಶಜರಿಗೆ ಪೌರತ್ವ ನೀಡಲು ಸ್ಪೇನ್ 2015ರಲ್ಲಿ ಕಾನೂನು ಮಾಡಿತು. ಆ ಕಾನೂನಿನಲ್ಲಿ ಮೊರಿಸ್ಕೋಗಳ ವಂಶಜರಿಗೆ ಜಾಗವಿರಲಿಲ್ಲ.

ಪ್ರಿಯ ಓದುಗರೇ, ಹಿಜ್ರತ್ ಎಂದೊಡನೆ ನಾವು ಮುಹಾಜಿರ್‌ಗಳನ್ನು ನೆನೆಯುತ್ತೇವೆ. ಆದರೆ ಕುರ್‌ಆನ್ ಅಲ್-ಹಶ್ರ್ ಅಧ್ಯಾಯದಲ್ಲಿ, ತಮಗೇ ಕೊರತೆಯಿದ್ದರೂ ವಲಸೆ ಬಂದವರಿಗೆ ಆದ್ಯತೆ ಕೊಟ್ಟ ಮದೀನಾದ ಅನ್ಸಾರರನ್ನೂ ಪ್ರಶಂಸಿಸುತ್ತದೆ. ನಮ್ಮ ಮಕ್ಕಳು ಕೊಲ್ಲಿ ದೇಶಗಳಲ್ಲಿ ವೀಸಾಕ್ಕಾಗಿ ಕಾಯುವಾಗ ಅಲ್ಲಿನವರು ಕರುಣೆ ತೋರಲಿ ಎಂದು ದುಆ ಮಾಡುತ್ತೇವೆ. ಕೂಲಿ ಅರಸಿ ನಮ್ಮದೇ ಮೊಹಲ್ಲಾಕ್ಕೆ ಬಂದವನು ಬಾಡಿಗೆ ಮನೆ ಕೇಳಿದಾಗ ನಾವು ಯಾರಾಗುತ್ತೇವೆ? ಟ್ಯುನಿಸ್‌ನವರೋ, ಓರಾನಿನವರೋ?